ಸಾಕ್ಷಿಗುಂಡಿಯ ಏಳು ಬೀಗ

ಕಾರು ಸರ್ಕಲ್ಲಿನ ಕಬ್ಬಿಣದ ಬೇಲಿಗೆ ಢಮ್ಮನೆ ಗುದ್ದಿದ ನಾಲ್ಕನೆಯ ಸೆಕೆಂಡಿಗೆ ಅದರೊಳಗಿನ ಸಾಕ್ಷಿಗುಂಡಿ ಎಂಬ ಯಂತ್ರ ವರದಿ ಬರೆದು ಮುಗಿಸಿತ್ತು. ಡಾ. ಸಿಂಚನಾಳಿಗೆ ಮೊದಲು ಆದದ್ದು ಹೆಮ್ಮೆ, ಏಕೆಂದರೆ ಗುಂಡಿಯನ್ನು ಕಂಡುಹಿಡಿದವಳು ಅವಳೇ. ನೋವು, ನಾಚಿಕೆ ಎಲ್ಲ ಆಮೇಲೆ ಬಂದವು.

ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಅದು 2061ರ ಹೊತ್ತಿಗೆ ರಾಜ್ಯದ ಪ್ರತಿ ವಾಹನದಲ್ಲೂ ಕೂತಿತ್ತು. ವೇಗ, ಬ್ರೇಕು, ಸ್ಟಿಯರಿಂಗ್ ಹಿಡಿದ ಅಂಗೈಯ ನಾಡಿಬಡಿತ, ಕಾರಿನೊಳಗಿನ ಮಾತು ಎಲ್ಲವನ್ನೂ ಹಿಡಿಯುತ್ತ, ಮೂವತ್ತು ಸೆಕೆಂಡು ಹಳೆಯದಾದೊಡನೆ ಅಳಿಸುತ್ತ ಇರುತ್ತದೆ. ಗುದ್ದು ಬಿದ್ದರೆ ಮಾತ್ರ ಕೊನೆಯ ಮೂವತ್ತು ಸೆಕೆಂಡನ್ನು ಹಾಗೇ ಉಳಿಸಿಕೊಂಡು ವರದಿ ಮಾಡುತ್ತದೆ. ‘ನಂದೇನೂ ತಪ್ಪಿಲ್ಲ, ಅವನೇ ಬಂದು ಗುದ್ದಿದ’ ಎಂಬ ಪುರಾಣಗಳು ಅಲ್ಲಿಗೆ ಮುಗಿದವು. ವರದಿಗೆ ಏಳು ಬೀಗ, ಅಂದರೆ ಒಂದರೊಳಗೊಂದು ಏಳು ಗುಪ್ತಲಿಪಿ. ಪೊಲೀಸರ ಬೆರಳಚ್ಚು ಬೀಳದೆ ಬ್ರಹ್ಮ ಬಂದರೂ ತೆರೆಯದು. ಇಷ್ಟಾದರೂ ಗೊಣಗುವವರಿಗೆ ಸಿಂಚನಾ ಸಭೆ ಸಭೆಯಲ್ಲೂ ಹೇಳುತ್ತಿದ್ದಳು: “ಮುಚ್ಚಿಡೋಕೆ ಏನೂ ಇಲ್ದಿರೋರಿಗೆ ಯಾಕ್ರೀ ಭಯ?”

ಇವತ್ತು ಅವಳಿಗೇ ಮುಚ್ಚಿಡಲು ಒಂದು ವಿಷಯವಿತ್ತು. ಐವತ್ನಾಲ್ಕರ ವಯಸ್ಸಿನಲ್ಲಿ, ಪಶುವೈದ್ಯ ಪ್ರಣೀತನನ್ನು ಮದುವೆಗೆ ಕೇಳಲು ಹೊರಟಿದ್ದಳು. ಎಂಟು ವರ್ಷದ ಸ್ನೇಹ. ಅವನು ಒಲ್ಲೆ ಎಂದರೆ ಅದು ತಮ್ಮಿಬ್ಬರಲ್ಲೇ ಉಳಿಯಬೇಕು. ಬಸವನಕಟ್ಟೆಯಂಥ ಊರಿನಲ್ಲಿ ಜನರ ಬಾಯಿಗೆ ಬಿದ್ದರೆ ಆಮೇಲೆ ಅವನ ಜೊತೆ ಒಂದು ಲೋಟ ಕಾಫಿಯೂ ಕುಡಿಯುವಂತಿಲ್ಲ. ಏನು ಹೇಳಬೇಕೆಂದು ಕಾರಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುತ್ತಲೇ ಬೇಲಿಗೆ ಗುದ್ದಿದ್ದಳು.

ಠಾಣೆ ಎದುರಿಗೇ ಇತ್ತು. ಹೆಡ್ ಕಾನ್‌ಸ್ಟೇಬಲ್ ಯತೀಶ ಬೆರಳೊತ್ತಿ ಏಳೂ ಬೀಗ ತೆಗೆದ. ಆಮೇಲೆ ಕಿಟಕಿಯಿಂದ ಕೂಗಿ, ಪಕ್ಕದ ಹೋಟೆಲಿನ ಮನ್ವಿತನನ್ನೂ ಅಲ್ಲಿ ಇಡ್ಲಿ ತಿನ್ನುತ್ತಿದ್ದ ಗಿರಾಕಿಯೊಬ್ಬನನ್ನೂ ಕರೆಸಿದ.

“ಇವರ್ಯಾಕೆ?” ಎಂದಳು ಸಿಂಚನಾ.

“ಪಂಚರು ಮೇಡಂ, ಸಾಕ್ಷಿಗೆ. ವರದಿ ಓದಿ ಹೇಳ್ಬೇಕಲ್ಲ. ‘ಓದಿ ಹೇಳಿದ್ದನ್ನು ಕೇಳಿ ಸರಿಯೆಂದು ಒಪ್ಪಿದೆ’ ಅಂತ ಸಹಿ ಬೀಳ್ಬೇಕು. ತಾತನ ಕಾಲದ ಪದ್ಧತಿ.”

ಸಿಂಚನಾಳಿಗೆ ಆಗ ಹೊಳೆಯಿತು. ಕದಿಯುವವರು, ಇಣುಕುವವರು, ಮಾರುವವರು ಎಲ್ಲರಿಗೂ ಅವಳು ಬೀಗ ಮಾಡಿದ್ದಳು. ಗಟ್ಟಿಯಾಗಿ ಓದುವವರನ್ನು ಮರೆತಿದ್ದಳು.

“ಮಾತಿನ ಭಾಗ ಬಿಟ್ಟು ಓದಿ, ದಯವಿಟ್ಟು.”

“ಬಿಟ್ರೆ ಕೋರ್ಟಲ್ಲಿ ನಿಲ್ಲಲ್ಲ ಮೇಡಂ. ನಿಮ್ಗೇನು, ಮುಚ್ಚಿಡೋಕೆ ಏನಿದೆ?” ಎಂದ ಯತೀಶ.

ಯತೀಶ ಪ್ರತಿ ವರ್ಷ ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುವವನು. ಮೆಲ್ಲಗೆ ಓದುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

“‘ವೇಗ ಗಂಟೆಗೆ ಮೂವತ್ತೊಂದು ಕಿಲೋಮೀಟರ್. ನಾಡಿ ನೂರಾ ಹದಿನೆಂಟು. ಚಾಲಕಿಯು ಒಬ್ಬರೇ ಇದ್ದು ಈ ಕೆಳಕಂಡಂತೆ ಮಾತನಾಡಿರುತ್ತಾರೆ. ಪ್ರಣೀತ್, ನಮ್ಮಿಬ್ರಿಗೂ ಬಿ.ಪಿ., ಇಬ್ರಿಗೂ ಒಂದೇ ಮಾತ್ರೆ, ಎರಡು ಮನೆ ಯಾಕೆ? ಥೂ, ಹೀಗಲ್ಲ. ಪ್ರಣೀತ್, ನನ್ನ ಮದುವೆ ಆಗ್ತೀರಾ?’”

‘ಥೂ’ ಸರಿಯಾಗಿ ಬರಲಿಲ್ಲವೆಂದು ಅವನು ಅದನ್ನು ಇನ್ನೊಂದು ಸಲ ಓದಿದ. ಬಸ್ಸಿಗೆ ಕಾಯುತ್ತಿದ್ದವರು ಕಿಟಕಿಯ ಬಳಿ ಬಂದು ನಿಂತಿದ್ದರು. ಮನ್ವಿತ ಕಣ್ಣೊರೆಸಿಕೊಂಡು ಸಹಿ ಹಾಕಿದ. ಗಿರಾಕಿ “ನಾಡಿ ಸ್ವಲ್ಪ ಜಾಸ್ತಿ ಆಯ್ತು” ಎಂದು ಹೇಳಿ ತಾನೂ ಹಾಕಿದ.

ಪಶು ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ. ಹೂವಿನವಳು ಒಂದು ಮೊಳ ಮಲ್ಲಿಗೆ ಕೈಗಿಟ್ಟು, “ಒಳ್ಳೇದಾಗ್ಲಿ ಅಕ್ಕಾ” ಎಂದಳು. ಔಷಧದ ಅಂಗಡಿಯವನು “ಯಾವ ಮಾತ್ರೆ ಮೇಡಂ?” ಎಂದು ಕೇಳಿದ. ಸಿಂಚನಾಳಿಗೆ ನಡುರಸ್ತೆಯಲ್ಲೇ ಅಳು ಬಂತು. ಎಂಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಅವಳೇ ಮಾಡಿದ ಯಂತ್ರ ಅವಳಿಗಿಂತ ಮೊದಲೇ ಊರಿಗೆಲ್ಲ ಹೇಳಿಬಿಟ್ಟಿತ್ತು.

ಪ್ರಣೀತ ಎಮ್ಮೆಯೊಂದರ ಪಕ್ಕ ನಿಂತಿದ್ದ.

“ಬನ್ನಿ. ಬೆಳಿಗ್ಗೆಯಿಂದ ಈ ಎಮ್ಮೆ ಜೊತೇನೇ ಇದ್ದೀನಿ. ಊರಲ್ಲಿ ಏನ್ ನಡೀತೋ ಒಂದೂ ಗೊತ್ತಿಲ್ಲ” ಎಂದ.

ಎಮ್ಮೆಯ ಪಕ್ಕ ನಿಂತವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿಯಿತ್ತು. ಕಟ್ಟೆಯ ಮೇಲೆ ಮನ್ವಿತನ ಹೋಟೆಲಿನ ಎರಡು ಲೋಟ ಕಾಫಿ ಹಬೆಯಾಡುತ್ತಿತ್ತು.

“ಏನೂ ಕೇಳಿಸ್ಲಿಲ್ವಾ?”

“ಇಲ್ಲಪ್ಪ. ಯಾಕೆ, ನೀವೇನಾದ್ರೂ ಹೇಳ್ಬೇಕಿತ್ತಾ?”

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಗಾಗಿತ್ತು. ಸಿಂಚನಾ ಕಣ್ಣೊರೆಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಬಿ.ಪಿ. ಒಂದನ್ನು ಬಿಟ್ಟು. ಅವನು ಮೊದಲ ಸಲ ಕೇಳುವವನಂತೆ ಕೇಳಿ, ಹೂಂ ಎಂದ.

ಮುಂದಿನ ತಿಂಗಳು ಸಿಂಚನಾ ಗುಂಡಿಯ ಕಿವಿ ಕಿತ್ತಳು. ವೇಗ, ಬ್ರೇಕು ಇಷ್ಟೇ ಸಾಕು ಎಂದಳು. ಗುಂಡಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಮಿತಿಯ ಹಿರಿಯ ಸದಸ್ಯರೊಬ್ಬರಿಗೆ ಅದು ಸರಿಬೀಳಲಿಲ್ಲ.

“ನೀವೇ ಹೇಳ್ತಿದ್ರಲ್ಲ ಮೇಡಂ, ಮುಚ್ಚಿಡೋಕೆ ಏನೂ ಇಲ್ದಿರೋರಿಗೆ ಯಾಕೆ ಭಯ ಅಂತ?”

ಸಿಂಚನಾಳಿಗೆ ಹೈಸ್ಕೂಲಿನ ದಿನಗಳು ನೆನಪಾದವು. ಅಮ್ಮ ಫೋನಿನಲ್ಲಿ ಏನು ಬಂದರೂ ಓದದೆಯೇ ‘ಒಪ್ಪಿದೆ’ ಎಂದು ಒತ್ತುತ್ತಿದ್ದಳು. ಏನಮ್ಮಾ ಬರೆದಿತ್ತು ಎಂದರೆ, “ಯಾರಿಗ್ಗೊತ್ತೇ, ನಮ್ಹತ್ರ ಮುಚ್ಚಿಡೋಕೆ ಏನಿದೆ?” ಎನ್ನುತ್ತಿದ್ದಳು. ಯಾರೂ ಓದಿ ಹೇಳದೆ, ತಾವೂ ಕೇಳಿ ನೋಡದೆ, ಆಗ ಎಲ್ಲರೂ ಒಪ್ಪುತ್ತಿದ್ದರು.

“ಮುಚ್ಚಿಡೋಕಲ್ಲ ಸಾರ್,” ಎಂದಳು ಸಿಂಚನಾ. “ನಮ್ಮ ಮಾತನ್ನ ಮೊದ್ಲು ನಾವೇ ಹೇಳೋಕೆ.”