ಲೇಖನದ ಕೆಳಗೊಂದು ಚುಕ್ಕಿ

ಕಾರ್ಮಿಕ ಸಂಘದ ಪತ್ರಿಕೆಯನ್ನು ಸಂಪಾದಕನ ಮೇಜಿನ ಮೇಲೆ ಕುಕ್ಕಿದಳು ಚುಕ್ಕಿ. ಅಕ್ಕ ಕರೆಯುತ್ತಿದ್ದ ಅಡ್ಡಹೆಸರು ಅದು. ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳ ಪಾಡು ಬರೆಯತೊಡಗಿದ ಮೇಲೆ ಅದನ್ನೇ ಲೇಖನಗಳಿಗೂ ಹಾಕಿಕೊಂಡಿದ್ದಳು.

"ಎಲ್ರೀ ನನ್ನ ಹೆಸರು?"

"ಹಾಕಿದ್ನಲ್ಲ!"

"ಎಲ್ಲಿ? ಭೂತಗನ್ನಡಿ ತಂದ್ಕೊಡ್ಲಾ?"

ಶೌಚಾಲಯಕ್ಕೆ ಬೀಗ ಜಡಿದ ಮಾಲೀಕನ ಮೇಲೆ ಅವಳು ಈ ಸಂಚಿಕೆಯ ಲೇಖನದಲ್ಲಿ ಬೆಂಕಿ ಕಾರಿದ್ದಳು. ಹೆಸರಿರಬೇಕಾದ ಜಾಗದಲ್ಲಿ ನೊಣ ಕೂತೆದ್ದಂತೆ ಒಂದು ಕರಿ ಚುಕ್ಕಿ. ಕಾರ್ಖಾನೆಯಲ್ಲೆಲ್ಲ ಒಂದೇ ಮಾತು: ಸಂಪಾದಕರು ಅದೆಷ್ಟು ಚೆನ್ನಾಗಿ ಬರೆದಿದ್ದಾರೆ!

"ಕೆಸರು ನನ್ನ ಕೈಗೆ, ಮೊಸರು ನಿಮ್ಮ ಬಾಯಿಗೆ. ಹೆಂಗಸು ಬರೆದಳು ಅಂದ್ರೆ ಪತ್ರಿಕೆ ಮರ್ಯಾದೆ ಹೋಗುತ್ತಾ?"

ಸಂಪಾದಕ ಕೈಗಳನ್ನೆತ್ತಿ ತೋರಿಸಿದ. ಬೈಕಿನಿಂದ ಬಿದ್ದು ಅವನ ಎರಡೂ ಮಣಿಕಟ್ಟಿಗೆ ಪಟ್ಟಿ ಬಿದ್ದಿತ್ತು. ಅವಳ ಕೈಬರಹವನ್ನು ಅವನು ಓದಿ ಹೇಳಿದ್ದ. ಕಂಪ್ಯೂಟರ್ ಕೇಳಿಸಿಕೊಂಡು ಟೈಪ್ ಮಾಡಿತ್ತು.

"ಇಲ್ನೋಡಿ," ಎಂದು ಮೈಕಿಗೆ ಬಾಗಿದ. "ಕಾ ಚುಕ್ಕಿ ಸಂ ಚುಕ್ಕಿ."

ಪರದೆಯ ಮೇಲೆ ಮೂಡಿತು: ಕಾ.ಸಂ.

"ಕಾರ್ಮಿಕ ಸಂಘ. ಸರಿಯಾಗೇ ಬಂತಲ್ಲ?" ಎಂದಳು.

"ಈಗ ನೋಡಿ. ಲೇಖಕಿ ಚುಕ್ಕಿ."

ಲೇಖಕಿ.

ಅವಳು ಮೈಕನ್ನು ತನ್ನತ್ತ ಎಳೆದುಕೊಂಡಳು. "ಚುಕ್ಕಿ! ಚುಕ್ಕಿ! ಚುಕ್ಕಿ ಕಣೋ ದರಿದ್ರದೇ!"

... ಕಣೋ ದರಿದ್ರದೇ

ಅವನು ನಕ್ಕ. ಅವಳು ನಗಲಿಲ್ಲ.

"ಕೈ ಮುರೀತು, ಸರಿ. ಪ್ರೂಫ್ ನೋಡೋ ಕಣ್ಣಿಗೇನಾಗಿತ್ತು?"

ಅವನ ಕಿವಿ ಕೆಂಪಾಯಿತು. "ನಿಮ್ಮ ಬರಹ ಓದುವಾಗ ನಿಮ್ಮ ಮುಖಾನೇ ಕಾಣ್ತಿರುತ್ತೆ. ಹೆಸರಿಲ್ಲ ಅಂತ ಗೊತ್ತೇ ಆಗ್ಲಿಲ್ಲ."

ಆ ಮಾತು ಅವಳಿಗೆ ಹಿತವಾಗಿಯೇ ಕೇಳಿಸಿತು. ಸಿಟ್ಟು ಅದನ್ನು ಅದುಮಿ ಕೂರಿಸಿತು.

"ಓದೋರಿಗೆ ಮುಖ ಕಾಣಲ್ಲ ಸ್ವಾಮಿ. ಮಾಲೀಕ ಬಂದು ಯಾರು ಬರೆದದ್ದು ಅಂದ್ರೆ, 'ನಾನು' ಅನ್ನೋಕಾಗ್ಬೇಕು ನಂಗೆ. ಅಷ್ಟೂ ಇಲ್ದಿದ್ರೆ ಯಾಕ್ರೀ ಬರೀಬೇಕು?"

ಅವನ ನಗು ಇಳಿಯಿತು. "ತಪ್ಪಾಯ್ತು. ಮುಂದಿನ ಸಂಚಿಕೇಲಿ, ಮೊದಲ ಪುಟದಲ್ಲೇ ಹಾಕ್ತೀನಿ." ಮೈಕಿನತ್ತ ತಿರುಗಿದ. "ಬೀಗದ ಲೇಖನ ಬರೆದವರು ಸಂಪಾದಕರಲ್ಲ, ಚುಕ್ಕಿ."

ಹೆಸರಿನ ಬದಲು ಮತ್ತೆ ಅದೇ ಬೊಟ್ಟು. ಅವಳು ಕುರ್ಚಿ ಎಳೆದುಕೊಂಡು, ಅದನ್ನು ಅಳಿಸಿ, ಎರಡಕ್ಷರವನ್ನು ತಾನೇ ಒತ್ತಿದಳು. ಕೀಲಿಗಳು ಟಕಟಕ ಅಂದವು.

ಅವನು ಮೈಕಿನಿಂದ ಸರಿಯಲಿಲ್ಲ. ಮುಂದಿನ ಸಾಲಿಗೆ ದನಿ ತಗ್ಗಿತು.

"ನೀವಂದ್ರೆ ನಂಗೆ ಪ್ರಾಣ ಚುಕ್ಕಿ."

ನೀವಂದ್ರೆ ನಂಗೆ ಪ್ರಾಣ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದ್ಯಾರಿಗೆ? ಇಲ್ಲೂ ಹೆಸರಿಲ್ಲ."

"ಇದೆ. ಕೊನೇಲಿ ನೋಡಿ."

ನೋಡಿದಳು. ಇಷ್ಟು ಹೊತ್ತು ಹೊಟ್ಟೆ ಉರಿಸಿದ್ದ ಅದೇ ಬೊಟ್ಟು. ಇದನ್ನು ಅಳಿಸಲು ಬೆರಳು ಏಳಲಿಲ್ಲ.

"ಮೇಲಿನ ಸಾಲು ಪತ್ರಿಕೆಗೆ," ಎಂದಳು. "ಕೆಳಗಿಂದು ನಂಗೆ."