ಬ್ಲೂಟೂತ್‌ನಲ್ಲಿ ಹೋದ ಅಜ್ಜಿಯ ದನಿ

"ಫೋನ್ ಅಲ್ಲಾಡಿಸ್ಬೇಡ ಕಣೇ, ಕಟ್ ಆಗುತ್ತೆ!" ಎಂದಳು ಶಶಿರೇಖಾ.

ತುಮಕೂರಿನ ಉಪ್ಪಾರಹಳ್ಳಿಯ ಟ್ಯೂಷನ್ ಮನೆಯ ಮೆಟ್ಟಿಲ ಮೇಲೆ ಎರಡು ಫೋನ್ ಅಕ್ಕಪಕ್ಕ ಕೂತಿದ್ದವು. ಒಂದು ಯಶಸ್ವಿನಿಯ ಅಪ್ಪನದು, ಇನ್ನೊಂದು ಶಶಿರೇಖಾಳ ಅಣ್ಣನದು. ಬ್ಲೂಟೂತ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಯಶಸ್ವಿನಿಯ ಅಜ್ಜಿಯ ದನಿ ಹೋಗುತ್ತಿತ್ತು.

ಅಜ್ಜಿ ಹನುಮಕ್ಕ ಇರುವುದು ಕೊತ್ತಗೆರೆಯಲ್ಲಿ. ಸಾಕಿದ ಎಮ್ಮೆ ಸತ್ತು ತಿಂಗಳಾದರೂ, ಸಂಜೆಯಾದರೆ ಸಾಕು, ಅಜ್ಜಿ ಖಾಲಿ ಕೊಟ್ಟಿಗೆಯ ಮುಂದೆ ನಿಂತು ಅದನ್ನು ಕರೆಯುತ್ತಿತ್ತು. "ಬಾರೇ ಕರಿಯವ್ವಾ... ಹೋಯ್... ಬಾರೇ ನನ್ನವ್ವಾ..." ಕೊನೆಗೆ ದನಿ ಒಡೆದು ಕೀರಲಾಗುತ್ತಿತ್ತು. ಊರಿಗೆ ಹೋದಾಗ ಯಶಸ್ವಿನಿ ಬಾಗಿಲ ಹಿಂದೆ ನಿಂತು ಅದನ್ನು ರೆಕಾರ್ಡ್ ಮಾಡಿದ್ದಳು. ತಮಾಷೆಗೆ.

ಶಶಿರೇಖಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಶಸ್ವಿನಿಯೂ ನಕ್ಕಳು.

ನಾಲ್ಕೇ ದಿನ. ಸ್ಕೂಲ್ ವ್ಯಾನ್ ಡ್ರೈವರ್ ಕನಕರಾಜು ಅಂಕಲ್ ಜೇಬಿನಲ್ಲಿ ಅಜ್ಜಿ ಕೂಗಿತು!

"ಅಂಕಲ್, ಈ ರಿಂಗ್‌ಟೋನ್ ಯಾರು ಕೊಟ್ರು?"

"ಬಸ್‌ಸ್ಟ್ಯಾಂಡಲ್ಲಿ ಯಾರೋ ಕಳಿಸಿದ್ರಮ್ಮ. ಸಖತ್ತಾಗದೆ, ಅಲ್ವಾ?"

ಯಶಸ್ವಿನಿ ಟ್ಯೂಷನ್‌ಗೆ ಓಡಿದಳು. "ಡಿಲೀಟ್ ಮಾಡೇ!"

"ಮಾಡ್ದೆ ಕಣೇ. ಆದ್ರೆ ಅಣ್ಣ ಅಷ್ಟೊತ್ತಿಗೇ ನಾಲ್ಕು ಜನಕ್ಕೆ ಕಳಿಸಿದ್ದ. ಅವ್ರು ಇನ್ಯಾರ್‍ಯಾರಿಗೆ ಕಳಿಸವ್ರೋ!"

ಆ ವಾರವೇ ಅಜ್ಜಿ ಕಣ್ಣು ತೋರಿಸಲು ತುಮಕೂರಿಗೆ ಬಂತು. ಶಿರಾ ಗೇಟ್‌ನಲ್ಲಿ ಅಪ್ಪನ ಜೊತೆ ಅಜ್ಜಿ, ಮೊಮ್ಮಗಳು ಸಿಟಿ ಬಸ್ ಹತ್ತಿದರು. ಇಲ್ಲೂ ಯಾರ ಫೋನಲ್ಲಾದರೂ ಅದು ಇದ್ದರೆ ಎಂದು ಯಶಸ್ವಿನಿ ಅಪ್ಪನ ಫೋನ್ ಇಸಿದುಕೊಂಡು ಬ್ಲೂಟೂತ್ ಸರ್ಚ್ ಒತ್ತಿದಳು. ಹತ್ತಿರದ ಫೋನುಗಳ ಹೆಸರು ಒಂದೊಂದೇ ಬಂದವು. ಟೈಗರ್, ಸ್ವೀಟ್ ಬಾಯ್, ರಂಗಣ್ಣ... ಒಟ್ಟು ಒಂಬತ್ತು. ಅಜ್ಜಿ ಯಾವುದರೊಳಗೆ ಕೂತಿದೆಯೋ!

ಹಿಂದಿನ ಸೀಟಿನಲ್ಲಿ ಫೋನ್ ಹೊಡೆಯಿತು. "ಬಾರೇ ಕರಿಯವ್ವಾ..."

"ಎತ್ತಬ್ಯಾಡ ಕಣ್ಲಾ, ಪೂರ್ತಿ ಕೇಳಾನ!" ಎಂದ ಒಬ್ಬ. ಬಸ್ಸೆಲ್ಲ ಗೊಳ್ಳೆಂದಿತು.

ಅಜ್ಜಿ ತಿರುಗಿ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿತು.

ಮನೆಗೆ ಬಂದ ಮೇಲೆ ಯಶಸ್ವಿನಿ ಮೆಲ್ಲಗೆ ಹೇಳಿದಳು, "ಅಜ್ಜಿ, ಅದು ನಾನೇ..."

"ಗೊತ್ತು ಕಣವ್ವಾ. ಬಾಗಿಲ ಸಂದೀಲಿ ನಿನ್ನ ಲಂಗ ಕಾಣ್ತಿತ್ತು. ಏನೋ ಆಟ ಆಡ್ತವಳೆ ಅಂದ್ಕಂಡೆ." ಅಷ್ಟೇ. ಬೈಯಲೇ ಇಲ್ಲ.

ದಸರಾ ರಜಕ್ಕೆ ಯಶಸ್ವಿನಿ ಕೊತ್ತಗೆರೆಗೆ ಹೋದಳು. ಸಂಜೆ ಅಜ್ಜಿ ಕೊಟ್ಟಿಗೆಯ ಮುಂದೆ ಹೋಗಿ ನಿಂತಿತು. ತುಟಿ ಅಲುಗಿತು, ದನಿ ಬರಲಿಲ್ಲ. ತಿರುಗಿ ಯಶಸ್ವಿನಿಯ ಕೈ ನೋಡಿತು. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅಜ್ಜಿ ಎಮ್ಮೆಯನ್ನು ಕರೆಯಲಿಲ್ಲ.

ಯಶಸ್ವಿನಿ ಚಪ್ಪಲಿ ಮೆಟ್ಟಿದಳು. ರಾಗಿ ಹೊಲದ ಬದುವಿನ ಮೇಲೆ ನಡೆದಳು. ಮನೆ ಸಣ್ಣದಾಗುವವರೆಗೂ, ಅಜ್ಜಿ ಕೂಗಿದರೂ ತನಗೆ ಕೇಳಿಸದಷ್ಟು ದೂರಕ್ಕೆ ನಡೆದಳು. ಅಲ್ಲಿ ಊರಿಗೆ ಬೆನ್ನು ಮಾಡಿ, ಕತ್ತಲಾಗುವ ತನಕ ಕೂತಳು.