ಸದ್ದಿಲ್ಲದ ಹೆರಿಗೆ

"ಬೆನ್ನಿಗೆ ಸೂಜಿ ಚುಚ್ಚಿಸ್ಕೊಂಡ ಬಂದ್ಯಂದ್ರ ನಾಳಿ ಮಗ್ಗದ ಕುಣಿಯೊಳಗ ಕುಂಡ್ರಾಕ ನಿಮ್ಮಪ್ಪ ಬರ್ತಾನೇನ?"

ಕಳಕವ್ವ ನೂಲು ಸುತ್ತಿದ ಕಂಡಿಕೆಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ತುಂಬು ಬಸುರಿ ಸೊಸೆ ಸುಧಾರಾಣಿ ಬಾಗಿಲಲ್ಲೇ ನಿಂತುಬಿಟ್ಟಳು. ಆಕೆ ಕೇಳಿದ್ದಿಷ್ಟೇ: ಹೆರಿಗೆಯ ನೋವು ಕಡಿಮೆ ಮಾಡುವ ದಾರಿಗಳನ್ನು ಗಜೇಂದ್ರಗಡದ ದವಾಖಾನೆಯಲ್ಲಿ ಬಸುರಿಯರಿಗೆ ತಿಳಿಸಿ ಹೇಳುತ್ತಾರಂತೆ, ಹೋಗಿಬರಲೇ ಎಂದು. ಗಂಡ ಸುದೀಪ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಕೊನೆಗೆ ಸೀರೆಯ ಅಂಚಿನಲ್ಲಿ ಭಾರೀ ದೋಷವೊಂದು ಕಂಡವನಂತೆ ಮಗ್ಗದ ಮೇಲೆ ಬಾಗಿದ.

"ನಾ ಹಡೆದಾಗ ಓಣಿಗೆ ನಂದೊಂದ ಪಿಟ್ಟ ಅನ್ನೂ ದನಿ ಕೇಳಿಲ್ಲ!"

ಮದುವೆಯಾದಾಗಿನಿಂದ ಸುಧಾರಾಣಿ ಈ ಮಾತನ್ನು ಉಪ್ಪಿನಕಾಯಿಯಂತೆ ದಿನವೂ ಉಂಡಿದ್ದಳು. ಕಣ್ಣು ತುಂಬಿ ಬಂತು.

"ನನಗ ತಡಕೊಳ್ಳಾಕ ಆಗದಿದ್ರ, ಅತ್ತಿ...?"

"ನಡಿ, ನಾನೂ ಬರ್ತೀನಿ. ಆ ಡಾಕ್ಟರವ್ವ ಸೂಜಿ ಅಂತ ಬಾಯಿ ಬಿಡ್ಲಿ, ನೋಡೂಣು!"

ದವಾಖಾನೆಯ ಪಡಸಾಲೆಯಲ್ಲಿ ಡಾಕ್ಟರ್ ಜಬೀನ ನಿಧಾನವಾಗಿ ಹೇಳುತ್ತಿದ್ದರು. ನೋವು ಬಂದಾಗ ಅಡ್ಡಾಡಬಹುದು, ಉಸಿರನ್ನು ಹದದಲ್ಲಿ ಬಿಡಬಹುದು, ಜೊತೆಯವರಿಂದ ನಡು ತಿಕ್ಕಿಸಿಕೊಳ್ಳಬಹುದು. ನೋವಿಗೆ ಇಂಜೆಕ್ಷನ್ ಇದೆ. ಬೆನ್ನಿನಲ್ಲಿ ಸಣ್ಣ ನಳಿಗೆಯಿಟ್ಟು ಔಷಧ ಬಿಡುವುದೂ ಇದೆ, ಅದು ಎಲ್ಲ ಕಡೆ ಸಿಗದು, ಮೊದಲೇ ವಿಚಾರಿಸಿಕೊಳ್ಳಬೇಕು.

"ನಡಾ ಹೋಗಿಬಿಡ್ತೈತಲ್ರಿ? ನಾವು ಮಗ್ಗದ ಮಂದಿ!" ಕಳಕವ್ವ ಕೂತಲ್ಲಿಂದಲೇ ಗುಡುಗಿದಳು.

"ಚುಚ್ಚಿದ ಜಾಗಾ ನಾಕ ದಿನ ನೋಯಬಹುದ್ರಿ ಅವ್ವಾರ. ಕೆಲವರಿಗೆ ತಲಿನೋವೂ ಬರ್ತೈತಿ, ಅದಕ್ಕ ಔಷಧ ಐತಿ. ಜೀವಮಾನದ ಬೆನ್ನುನೋವು ಅದರಿಂದ ಬರೂದಿಲ್ಲ. ನೀವು ಹಡಿಯೂವಾಗ ನೋವಿಗೆ ಏನ್ ಮಾಡಿದ್ರಿ?"

ಇಂಥದೊಂದು ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಕಳಕವ್ವ ಎದ್ದು ನಿಂತಳು.

"ಏನೂ ಇಲ್ರಿ! ಒಂದ ದನಿ ತಗೀಲಿಲ್ಲ. ನಮ್ಮತ್ತಿ ಬಾಯಾಗ ಅರಿವಿ ತುರುಕಿದ್ರು. ಹೊರಗಿದ್ದ ನಮ್ಮ ಮನಿಯವರಿಗೆ, 'ಮಗ್ಗಾ ನಿಂದರಸಬ್ಯಾಡ, ಈಕಿ ನರಳೂದು ಓಣಿಗೆ ಕೇಳ್ತೈತಿ' ಅಂದ್ರು. ಕೂಸು ಬರೂತನಕಾ ಮಗ್ಗಾ ಬಡೀತು!"

ಶಾಭಾಸ್‌ಗಿರಿಗೆ ಕಾದ ಮುಖ ಹಾಗೆಯೇ ನಗುತ್ತಿತ್ತು. ಬಸುರಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಸುಧಾರಾಣಿ ಅತ್ತೆಯ ಬಾಯನ್ನೇ ನೋಡಿದಳು. ದಿನವೂ ಕೇಳಿದ ಆ ಜಂಬದೊಳಗೆ ಇಂಥ ಅರಿವೆ ಇತ್ತೇ!

"ಉಸಿರಾಡಾಕ ಬರ್ತಿತ್ತೇನ್ರಿ?" ಜಬೀನರ ದನಿ ಇಳಿದಿತ್ತು.

"ಉಸಿರು..." ನಗೆ ಮಾಸಿತು. "ಇಲ್ಲವಾ... ಸತ್ತೆ ಅನಿಸಿತ್ತು. ತಗೀರಿ, ತಗೀರಿ ಅಂತ ನೆಲಕ್ಕ ಕೈ ಬಡದೆ... ಯಾರೂ..."

ತನ್ನ ಮಾತನ್ನು ಮೊದಲ ಸಲ ತಾನೇ ಕೇಳಿಸಿಕೊಂಡವಳಂತೆ ಕಳಕವ್ವ ಕುಸಿದು ಕೂತಳು. ಸುಧಾರಾಣಿ ಡಾಕ್ಟರ್ ಹೇಳಿದ ಹಾಗೆ ಅತ್ತೆಯ ನಡುವಿಗೆ ಅಂಗೈಯೂರಿ ಮೆಲ್ಲಗೆ ತಿಕ್ಕತೊಡಗಿದಳು. ಕಳಕವ್ವನ ಬಾಯಿಂದ ಎದ್ದ ಚೀರಾಟಕ್ಕೆ, ಹೊರಗೆ ಚೀಟಿ ಮಾಡಿಸುತ್ತಿದ್ದವರೆಲ್ಲ ಒಳಗೆ ಓಡಿಬಂದರು!

ಎಷ್ಟೋ ಹೊತ್ತಿನ ಮೇಲೆ ಕಳಕವ್ವ ಮೂಗು ಒರೆಸಿಕೊಂಡಳು.

"ಆ ನಳಿಗಿ ಯಾವೂರಾಗ ಹಾಕ್ತಾರ ಹೇಳ್ರಿ. ನಾ ಕರಕೊಂಡ ಹೊಕ್ಕೀನಿ."

"ಯಾವುದು ಬೇಕಂತ ನಾ ಇನ್ನೂ ವಿಚಾರ ಮಾಡಿಲ್ಲತ್ತಿ," ಎಂದಳು ಸುಧಾರಾಣಿ, ಅಳುವಿನ ನಡುವೆಯೇ.

"ಮಾಡವಾ, ಸಾವಕಾಶ ಮಾಡು. ನೀ ಯಾವುದಂತೀ ಅದು." ಕಳಕವ್ವ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಆದ್ರ ಒದರಬೇಕು ಅನಿಸ್ತಂದ್ರ ಒದರು. ಓಣಿಗೆ ಓಣಿನ ಎದ್ದು ಬರ್ಲಿ!"